ಕಲ್ಲುಕಟ್ಟು ಎರಡಕ್ಕೆ ಅಂಟಿಸಿದ ಚೀಟಿ

ಇದನ್ನು ಫೋನಿನಲ್ಲಿ ಬರೆಯುತ್ತಿದ್ದೇನೆ. ವರ್ಷಾನುಗಟ್ಟಲೆ ಹತ್ತೂ ಬೆರಳಲ್ಲಿ ಟೈಪ್ ಮಾಡಿದವಳು ಈಗ ಒಂದೇ ಹೆಬ್ಬೆರಳನ್ನು ನಂಬಿಕೊಂಡಿದ್ದೇನೆ. ನಾನು ಒಂದು ಪದ ಮುಗಿಸುವ ಮೊದಲೇ ಫೋನು ತಾನೇ ಇನ್ನೊಂದು ಪದ ತಂದು ಮುಂದಿಡುತ್ತದೆ. ಅದೇನೂ ನನಗೆ ಹೊಸದಲ್ಲ. ನಮ್ಮ ಆಫೀಸಿನ ಯಜಮಾನರಾಗಿದ್ದ ಗಿರೀಶ್ ಸಾರ್ ಕೂಡ ನಾನು ಬಾಯಿ ತೆರೆಯುವ ಮೊದಲೇ ನಾನೇನು ಹೇಳಬೇಕೆಂಬುದನ್ನು ಹೇಳಿ ಮುಗಿಸುತ್ತಿದ್ದರು.

ಮೊಮ್ಮಗಳು ಕಾವ್ಯ ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು. ಪ್ರೋಗ್ರಾಮ್ ಬರೆಯುವ ಕೆಲಸ. ಹೋದ ಭಾನುವಾರ ನಮ್ಮ ಮನೆಗೆ ಬಂದವಳು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಹುಬ್ಬು ಗಂಟಿಕ್ಕಿ ಕೂತಿದ್ದಳು.

"ಅಜ್ಜಿ, ಇಲ್ಲಿ ಕ್ಲಾಸ್ ಹೆಸರಿನ ಮೇಲೆ ಚೌಕ ಬ್ರಾಕೆಟ್ ಹಾಕಿ ಏನೋ ಬರ್ದಿದಾರೆ. ಇಟ್ರೂ ಪ್ರೋಗ್ರಾಮ್ ಓಡುತ್ತೆ, ತೆಗೆದ್ರೂ ಓಡುತ್ತೆ. ತೆಗೆದ್ಬಿಡ್ಲಾ?"

"ತೆಗೀಬೇಡ ಕಣೆ. ಅದನ್ನ ಯಾರು ಓದ್ತಾರೆ ಅಂತ ಮೊದ್ಲು ಹುಡುಕು."

"ಯಾರಾದ್ರೂ ಓದ್ತಾರಾ ಇದನ್ನ?"

"ಅದಕ್ಕೆ ನಂಜಮ್ಮನ ವಿಷಯ ಹೇಳ್ಬೇಕು."

"ಶಾರ್ಟಾಗಿ ಹೇಳಜ್ಜಿ, ನಾಳೆ ಬೆಳಿಗ್ಗೆ ಮೀಟಿಂಗಿದೆ."

ನಂಜಮ್ಮನ ವಿಷಯದಲ್ಲಿ ಎಡವಟ್ಟಾದದ್ದೇ ಶಾರ್ಟಾಗಿ ಬರೆಯಲು ಹೋಗಿ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ, ಕಾವ್ಯಳಿಗೂ, ಅವಳಂತೆ ಈಗಷ್ಟೇ ಕುತ್ತಿಗೆಗೆ ಗುರುತಿನ ಕಾರ್ಡು ಹಾಕಿಕೊಂಡು ಹೊರಟಿರುವವರಿಗೂ.

ನಾನು ದೊಡ್ಡಬಳ್ಳಾಪುರದಲ್ಲಿ ಟೈಪಿಂಗ್ ಕಲಿತು ಒಬ್ಬ ವಕೀಲರ ಬಳಿ ಅರ್ಜಿ ಹೊಡೆಯುತ್ತಿದ್ದವಳು. ವಕೀಲರು ಒಂದು ಕಂಪ್ಯೂಟರ್ ತರಿಸಿದರು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕೊಯ್ದು, ಮೇಲೊಂದು ಬಟ್ಟೆ ಮುಚ್ಚಿ, ಯಾರೂ ಮುಟ್ಟಬಾರದು ಅಂತ ಹೇಳಿ ಕೋರ್ಟಿಗೆ ಹೋದರು. ಬಟ್ಟೆ ತೆಗೆದವಳು ನಾನು. ಅಲ್ಲಿಂದ ಶುರುವಾದದ್ದು ಪ್ರೋಗ್ರಾಮ್ ಬರೆಯುವವರೆಗೆ ಹೇಗೆ ಬಂತು ಅನ್ನುವುದು ಬೇರೆ ಮಾತು. ನಲವತ್ತು ದಾಟಿದ ಮೇಲೆ ಗಿರೀಶ್ ಸಾರ್ ಅವರ ಆಫೀಸಿಗೆ ಸೇರಿದೆ. ಕೆಳಗೆ ರೇಷ್ಮೆ ನೂಲಿನ ಅಂಗಡಿ, ಮೇಲೆ ನಾವು ನಾಲ್ಕು ಜನ. ಬೀದಿ ತುಂಬ ವಿದ್ಯುತ್ ಮಗ್ಗಗಳ ಸದ್ದು. ಮಗ್ಗ ನಿಂತರೆ ಕರೆಂಟು ಹೋಯಿತು ಅಂತ ಅರ್ಥ, ಬೇರೆ ಗಂಟೆ ಬೇಕಿರಲಿಲ್ಲ.

ದೇವನಹಳ್ಳಿ ಕಡೆ ವಿಮಾನ ನಿಲ್ದಾಣ ಏಳುತ್ತಿದ್ದ ವರ್ಷಗಳು ಅವು. ವಿಮಾನ ಇನ್ನೂ ಒಂದೂ ಇಳಿದಿರಲಿಲ್ಲ, ಆದರೆ ನಮ್ಮ ಬೀದಿಯ ಕ್ಷೌರದಂಗಡಿ ಆಗಲೇ ಅಂತಾರಾಷ್ಟ್ರೀಯ ಅಂತ ಬೋರ್ಡು ಬರೆಸಿತ್ತು. ಗಿರೀಶ್ ಸಾರ್ ನಮ್ಮ ಆಫೀಸಿನ ಹೆಸರಿನ ಕೊನೆಗೆ ಸೊಲ್ಯೂಷನ್ಸ್ ಅಂತ ಸೇರಿಸಿದರು. ಸಮಸ್ಯೆಗಳು ಆಮೇಲೆ ಬಂದವು.

ಮೊದಲು ಈ ಕ್ಲಾಸ್ ಅಂದರೇನು ಅಂತ ಹೇಳಿಬಿಡುತ್ತೇನೆ. ಕ್ಲಾಸ್ ಅಂದರೆ ಒಂದು ಅಚ್ಚು. ಬಾವಿ ಅನ್ನುವ ಅಚ್ಚು ಒಂದು ಸಲ ಮಾಡಿಟ್ಟರೆ ಅದರಿಂದ ಮುನಿಶಾಮಿಯ ಬಾವಿ, ಹನುಮಕ್ಕನ ಬಾವಿ, ಎಷ್ಟು ಬೇಕೋ ಅಷ್ಟು ತೆಗೆಯಬಹುದು. ಒಂದು ಅಚ್ಚಿನಿಂದ ಇನ್ನೊಂದು ಅಚ್ಚನ್ನೂ ಹುಟ್ಟಿಸಬಹುದು. ಆಗ ತಾಯಿ ಅಚ್ಚಿನಲ್ಲಿ ಇದ್ದದ್ದೆಲ್ಲ ಮಗಳ ಅಚ್ಚಿಗೆ ಕೇಳದೆಯೇ ಬರುತ್ತದೆ, ಮೂಗು ಬಂದ ಹಾಗೆ.

ಆ ಅಚ್ಚಿನ ಹೆಸರಿನ ಮೇಲೆ ಚೌಕ ಬ್ರಾಕೆಟ್ಟಿನಲ್ಲಿ ಬರೆಯುವುದಕ್ಕೆ ಆಟ್ರಿಬ್ಯೂಟ್ ಅನ್ನುತ್ತಾರೆ. ನಾನು ಅದಕ್ಕೆ ಚೀಟಿ ಅನ್ನುತ್ತೇನೆ. ನನ್ನ ತವರು ರಾಜಘಟ್ಟ. ಅಲ್ಲಿ ದಿಬ್ಬ ಅಗೆದು ಹಳೆಯ ಕಾಲದ ಇಟ್ಟಿಗೆಗಳನ್ನು ತೆಗೆಯುತ್ತಿದ್ದಾಗ ನೋಡಲು ಹೋಗಿದ್ದೆ. ಒಂದೊಂದು ತುಂಡಿಗೂ ಒಂದೊಂದು ಚೀಟಿ ಕಟ್ಟುತ್ತಿದ್ದರು. ಯಾವ ಗುಂಡಿ, ಎಷ್ಟು ಆಳ, ಯಾವ ಮೂಲೆ. ಪಕ್ಕದಲ್ಲಿ ನಿಂತಿದ್ದ ನಮ್ಮ ದೊಡ್ಡಪ್ಪ, "ಇಟ್ಟಿಗೆಗೂ ಹಣೆಬರಹ ಬರೀತವ್ರಲ್ಲ" ಅಂದಿದ್ದರು. ಚೀಟಿ ಕಟ್ಟಿದ್ದರಿಂದ ಇಟ್ಟಿಗೆ ಬದಲಾಗುವುದಿಲ್ಲ. ಆದರೆ ಆಮೇಲೆ ಒಬ್ಬ ಬಂದು ಅದನ್ನು ಓದಿ, ಇದನ್ನು ಈ ಕಪಾಟಿಗೆ ಇಡಿ ಅನ್ನುತ್ತಾನೆ. ಪ್ರೋಗ್ರಾಮಿನ ಚೀಟಿಯೂ ಅಷ್ಟೆ. ಅದು ತಾನಾಗಿ ಏನೂ ಮಾಡುವುದಿಲ್ಲ, ಓದುವ ಇನ್ನೊಂದು ಪ್ರೋಗ್ರಾಮ್ ಇರಬೇಕು. ಇದನ್ನು ಗಿರೀಶ್ ಸಾರ್‌ಗೆ ನಾನು ಇಟ್ಟಿಗೆಯ ಉದಾಹರಣೆ ಕೊಟ್ಟೇ ಹೇಳಿದ್ದೆ. ಅವರು ಮೊದಲರ್ಧ ಮಾತ್ರ ಕೇಳಿಸಿಕೊಂಡರು.

ಅಲ್ಲಿಂದ ಆಫೀಸಿಗೆ ಚೀಟಿ ಹುಚ್ಚು ಹಿಡಿಯಿತು. ಬರೆದವರ ಹೆಸರಿನ ಚೀಟಿ, ಬರೆಸಿದವರ ಹೆಸರಿನ ಚೀಟಿ, ಎರಡನೆಯದು ದೊಡ್ಡ ಅಕ್ಷರದಲ್ಲಿ. ಉದ್ದೇಶದ ಚೀಟಿ. ಚೀಟಿಯ ಉದ್ದೇಶ ಹೇಳುವ ಚೀಟಿ. ಎಲ್ಲಕ್ಕಿಂತ ಮುಖ್ಯವಾದದ್ದು 'ಪರಿಶೀಲಿಸಲಾಗಿದೆ' ಅನ್ನುವ ಚೀಟಿ. ಇದನ್ನು ಅಚ್ಚು ಬರೆಯುವ ಮೊದಲೇ ಅಂಟಿಸಬೇಕು, ಆಮೇಲೆ ಮರೆತುಹೋಗುತ್ತದೆ ಅಂತ ಸಾರ್ ಆಜ್ಞೆ. ಅದಾದ ಮೇಲೆ ಕೋಡನ್ನೆಲ್ಲ ಕಾಗದದ ಮೇಲೆ ಪ್ರಿಂಟ್ ತೆಗೆದು ಅವರ ಮೇಜಿನ ಮೇಲೆ ಇಡಬೇಕು. ಅವರು ಕಾಫಿ ಕುಡಿಯುತ್ತ ಪುಟಪುಟಕ್ಕೂ ರುಜು ಹಾಕುವರು. ರುಜು ತುಂಬ ಚೆನ್ನಾಗಿತ್ತು, ಕೊನೆಯಲ್ಲಿ ಹಂಸದ ಕತ್ತಿನ ಹಾಗೆ ಒಂದು ಬಳುಕು.

ಒಂದು ದಿನ ನನಗೆ ತಡೆಯಲಾಗಲಿಲ್ಲ. ತಿಪ್ಪೆ ಅನ್ನುವ ಅಚ್ಚು ಬರೆಯುತ್ತಿದ್ದೆ. ಅದರ ಮೇಲೆ 'ಇದನ್ನು ಯಾರೂ ಓದುವುದಿಲ್ಲ' ಅಂತ ಒಂದು ಚೀಟಿ ಅಂಟಿಸಿದೆ. ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟೆ. ಹಂಸ ಬಂದು ಕೂತಿತು. ಮುಂದಿನ ಎರಡು ಪರಿಶೀಲನೆಯಲ್ಲೂ ಅದೇ ಪುಟ ಹೋಯಿತು, ಅದೇ ಹಂಸ ಬಂತು. ಮೂರೂ ಪುಟಗಳನ್ನು ನನ್ನ ಡ್ರಾಯರಿನಲ್ಲಿ ಭದ್ರವಾಗಿಟ್ಟೆ. ಯಾಕೆ ಅಂತ ಆಗ ನನಗೇ ಗೊತ್ತಿರಲಿಲ್ಲ.

ತಿಪ್ಪೆಯ ಅಚ್ಚು ಯಾಕೆ ಬೇಕಿತ್ತು ಅಂದರೆ, ತೂಬಗೆರೆ ಕಡೆಯಿಂದ ವಿಮಾನ ನಿಲ್ದಾಣದ ದಿಕ್ಕಿಗೆ ಒಂದು ರಸ್ತೆ ಅಗಲ ಮಾಡುವ ಕೆಲಸ ಬಂದಿತ್ತು. ಗುತ್ತಿಗೆದಾರರಿಗೆ ರಸ್ತೆಗೆ ಸಿಗುವ ಹೊಲಗಳಲ್ಲಿ ಏನೇನು ನಿಂತಿದೆ ಅನ್ನುವ ಪಟ್ಟಿ ಬೇಕು. ಮರ, ಬಾವಿ, ಪಂಪುಮನೆ, ಕಣ, ತಿಪ್ಪೆ. ಒಂದೊಂದನ್ನು ಏನು ಮಾಡಬೇಕು ಅನ್ನುವುದೂ ಅದರಲ್ಲಿರಬೇಕು. ಮೊದಲು ನಾವು ಅದನ್ನು ಒಂದು ರಟ್ಟಿನ ಮೇಲೆ ಬರೆದು ಕಂಪ್ಯೂಟರಿನ ಪಕ್ಕ ನೇತುಹಾಕಿದ್ದೆವು. ಬಾವಿಗೆ ವಿಚಾರಣೆ, ಮರಕ್ಕೆ ತೆರವು, ದೇವರ ಗುಡಿಗೆ ಉಳಿಕೆ. ರಟ್ಟಿನಲ್ಲಿ ಯಾರು ಬೇಕಾದರೂ ಪೆನ್ನಿನಲ್ಲಿ ತಿದ್ದುತ್ತಾರೆ ಅಂತ ಸಾರ್ ಅದನ್ನು ಕಿತ್ತು, ಆ ಮೂರು ಮಾತನ್ನೂ ಅಚ್ಚುಗಳ ಮೇಲೆ ಚೀಟಿ ಮಾಡಿಸಿದರು. ಪಟ್ಟಿ ಪ್ರಿಂಟ್ ಮಾಡುವ ಪ್ರೋಗ್ರಾಮ್ ಒಂದೊಂದು ಅಚ್ಚಿನ ಚೀಟಿ ಓದಿ, ಹೆಸರಿನ ಮುಂದೆ ಆ ಪದ ಹಾಕುತ್ತದೆ. ನಿಜ ಹೇಳಬೇಕೆಂದರೆ ಅದು ಒಳ್ಳೆಯ ಪದ್ಧತಿ. ಅಚ್ಚಿನ ವಿಷಯ ಅಚ್ಚಿನ ಮೇಲೇ ಇರುತ್ತದೆ, ಹುಡುಕಬೇಕಿಲ್ಲ. ತೊಂದರೆ ಒಂದೇ. ರಟ್ಟಾದರೆ ದಿನಾ ಕಣ್ಣಿಗೆ ಬೀಳುತ್ತಿತ್ತು.

ಹೊಲಹೊಲ ತಿರುಗಿ ಲೆಕ್ಕ ಬರೆದು ತರುತ್ತಿದ್ದವರು ಪಿಳ್ಳಪ್ಪನವರು. ಸರ್ವೆ ಇಲಾಖೆಯಲ್ಲಿ ನಿವೃತ್ತರಾಗಿ, ಮನೆಯಲ್ಲಿ ಕೂರಲಾರದೆ ನಮ್ಮಲ್ಲಿಗೆ ಬಂದವರು. ಬಿಳಿ ಪಂಚೆ, ಮೊಪೆಡ್, ಉದ್ದನೆಯ ನೋಟ್‌ಬುಕ್. ಅಕ್ಷರ ಮುತ್ತಿನ ಹಾಗೆ. ಒಂದು ದಿನ ಅವರ ನೋಟ್‌ಬುಕ್ ನೋಡಿ ಟೈಪ್ ಮಾಡುತ್ತಿದ್ದಾಗ ಕೇಳಿದೆ.

"ಪಿಳ್ಳಪ್ಪನೋರೆ, ಈ ಕಲ್ಲುಕಟ್ಟು ಅಂತ ಬರ್ದಿರೋ ಕಡೆ ಕೆಲವಕ್ಕೆ ಪಕ್ಕದಲ್ಲಿ ಚುಕ್ಕೆ ಇಟ್ಟಿದೀರಲ್ಲ, ಏನಿದು?"

ಅವರು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು. "ಅವು ಕಲ್ಲುಕಟ್ಟಲ್ಲ ಸರೋಜಮ್ಮ. ಗುಡ್ಡೆ. ಹಿರೀಕರನ್ನ ಮಣ್ಣು ಮಾಡಿರೋದು."

"ಮತ್ತೆ ಸಮಾಧಿ ಅಂತ ಬರೀಬೋದಿತ್ತಲ್ಲ."

"ಹೆಂಗ್ ಬರೀಲಿ? ಈ ಕಡೆ ಕಾಲಮ್ಮಲ್ಲಿ ಹೊಲದೋರ ಹೆಸ್ರು ಬರೀಬೇಕು. ಅದರ ಮುಂದೆ ಸಮಾಧಿ ಒಂದು ಅಂತ ಬರೀಬೇಕಾ? ಗಟ್ಟಿಮುಟ್ಟಾಗಿ ಕಳೆ ಕೀಳ್ತಾ ಕೂತಿರೋ ಹೆಂಗ್ಸಿನ ಹೆಸ್ರಿನ ಮುಂದೆ? ನಂಗೆ ಕೈ ಬರಾಕಿಲ್ಲ ತಾಯಿ. ಅದ್ಕೇ ಚುಕ್ಕೆ ಇಟ್ಟಿವ್ನಿ. ನೀವು ತಿಳ್ಕೊಂಡು ಮಾಡ್ಕೊಳಿ."

ನಾನು ತಿಳಿದುಕೊಂಡೆ. ನಮ್ಮ ಕಡೆಯವಳೇ ಅಲ್ಲವೇ, ನನಗೂ ಆ ಪದ ಬದುಕಿರುವವರ ಹೆಸರಿನ ಪಕ್ಕ ಟೈಪ್ ಮಾಡಲು ಬೆರಳು ಹೋಗಲಿಲ್ಲ. ಕಲ್ಲುಕಟ್ಟು ಅನ್ನುವ ಅಚ್ಚು ಆಗಲೇ ಇತ್ತು, ಬದುವಿನ ಕಲ್ಲು, ಮುರಿದ ಕಟ್ಟೆ ಇಂಥವಕ್ಕೆ. ಅದರ ಮೇಲೆ ತೆರವು ಅನ್ನುವ ಚೀಟಿ. ಚುಕ್ಕೆ ಇದ್ದವಕ್ಕಾಗಿ ಅದರಿಂದ ಒಂದು ಮಗಳ ಅಚ್ಚು ಹುಟ್ಟಿಸಿ, 'ಕಲ್ಲುಕಟ್ಟು ಎರಡು' ಅಂತ ಮರ್ಯಾದೆಯ ಹೆಸರಿಟ್ಟೆ. ಮಗಳಿಗೆ ಬೇರೆ ಚೀಟಿ ಅಂಟಿಸಲು ಮರೆತೆ. ಸ್ವಂತ ಚೀಟಿ ಇಲ್ಲದ ಮಗಳ ಅಚ್ಚು ತಾಯಿಯ ಚೀಟಿಯನ್ನೇ ಹೊತ್ತುಕೊಳ್ಳುತ್ತದೆ. ಇದು ನನಗೆ ಗೊತ್ತಿತ್ತು. ಬೇರೆಯವರಿಗೆ ಪಾಠವನ್ನೂ ಹೇಳಿದ್ದೆ. ಆ ಪುಟಕ್ಕೂ ಹಂಸ ಬಂದು ಕೂತಿತು, ಪಟ್ಟಿ ಗುತ್ತಿಗೆದಾರರ ಕಚೇರಿಗೆ ಹೋಯಿತು.

ಹದಿನೈದು ದಿನ ಕಳೆದಿರಬಹುದು. ಬೆಳಿಗ್ಗೆ ಹತ್ತರ ಹೊತ್ತಿಗೆ ಅರವತ್ತು ದಾಟಿದ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲೊಂದು ಬಟ್ಟೆಯ ಗಂಟು.

"ಇಲ್ಲಿ ಕಂಪ್ಯೂಟ್ರು ಯಾರವ್ವ?"

"ನಾನೇ ಅಂದ್ಕೊಳಿ. ಏನಾಗ್ಬೇಕಿತ್ತು?"

"ನಮ್ಮತ್ತೆನ ಎತ್ತಿ ಬಿಸಾಕು ಅಂತ ಬರ್ದಿರೋಳು ನೀನೇನಾ?"

ನಾನು ಕುರ್ಚಿ ಸರಿಸಿ ಎದ್ದು ನಿಂತೆ. ಕೂರಿಸಿ ನೀರು ಕೊಟ್ಟ ಮೇಲೆ ವಿಷಯ ಹೊರಗೆ ಬಂತು. ಹೆಸರು ನಂಜಮ್ಮ. ಊರಿನ ಹಾಲಿನ ಡೈರಿಯ ಗೋಡೆಗೆ ಪಟ್ಟಿ ಅಂಟಿಸಿದ್ದಾರೆ. ಶಾಲೆಯ ಮೇಷ್ಟ್ರು ಓದಿ ಹೇಳಿದರಂತೆ. ನಂಜಮ್ಮ, ಕಲ್ಲುಕಟ್ಟು ಎರಡು, ತೆರವು. ನಾಳೆ ಬೆಳಿಗ್ಗೆ ಜೆಸಿಬಿ ಬರುತ್ತದೆ.

"ಕಲ್ಲು ಅಂತ ನಮ್ಮೊಲದಾಗೆ ಇರೋದು ಅದೊಂದೇ ಕಣವ್ವ, ನಮ್ಮತ್ತೆ ಗುಡ್ಡೆ. ರಸ್ತೆ ಬ್ಯಾಡ ಅಂತ ನಾನಂದ್ನಾ? ಬರ್ಲಿ. ಮೇಲ್ಗಡೆ ಹೊಲ ನಮ್ದೇ ಉಳೀತದೆ, ಅಲ್ಲಿಗೆ ಕರ್ಕೊಂಡು ಹೋಯ್ತೀನಿ. ಹಾಲು ತುಪ್ಪ ಬಿಟ್ಟು, ಹಿಂಗಿಂಗೆ ಅಂತ ಹೇಳಿ, ಮಣ್ಣು ಎತ್ಕೊಬೇಕು. ಒಂದು ಬೆಳಗು ಬಿಟ್ಕೊಟ್ರೆ ಸಾಕು. ಹೇಳ್ದೆ ಕೇಳ್ದೆ ಎಬ್ಬಿಸಿದ್ರೆ ಅವ್ಳು ಸುಮ್ಕಿರ್ತಾಳಾ? ಬದುಕಿದ್ದಾಗ ನಿದ್ದೆಯಿಂದ ಎಬ್ಬಿಸಿದ್ರೆ ಮೂರು ದಿನ ನನ್ನ ಮಾತಾಡುಸ್ತಿರ್ಲಿಲ್ಲ. ನಾಕನೇ ದಿನ ಮಾತಾಡೋಳು, ಅದು ಇನ್ನೂ ಕಷ್ಟ."

"ಗುತ್ತಿಗೆದಾರರ ಆಫೀಸಲ್ಲಿ ಕೇಳಿದ್ರಾ?"

"ಕೇಳ್ದೆ. ಕಂಪ್ಯೂಟ್ರು ಹಂಗೇಳ್ತದೆ, ನಾವೇನ್ ಮಾಡಾಣ ಅಂತಾರೆ. ನಿಮ್ ಕಂಪ್ಯೂಟ್ರಿಗೆ ಅತ್ತೆ ಇಲ್ವಾ?"

ಬದುಕಿದ್ದಾಗ ಒಂದು ದಿನವೂ ಹೊಂದಿಕೊಳ್ಳದ ಅತ್ತೆಗಾಗಿ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ತಪ್ಪು ಎಲ್ಲಿದೆ ಅಂತ ಅವಳು ಬಾಗಿಲಲ್ಲಿ ನಿಂತು ಆಡಿದ ಮಾತಿನಲ್ಲೇ ನನಗೆ ಗೊತ್ತಾಗಿತ್ತು. ನೇರವಾಗಿ ಸಾರ್ ಕೋಣೆಗೆ ಹೋದೆ.

"ಸಾರ್, ರಸ್ತೆ ಪಟ್ಟಿಯಲ್ಲಿ ತಪ್ಪಾಗಿದೆ. ನನ್ನ ಕೈಯಿಂದಾನೇ."

"ಇಲ್ಲ ಸರೋಜಮ್ಮ, ಆಗಿಲ್ಲ. ಪರಿಶೀಲಿಸಲಾಗಿದೆ ಅಂತ ಚೀಟಿ ಇದೆ."

"ಆ ಚೀಟಿ ಪರಿಶೀಲನೆಗೆ ಮುಂಚೆನೇ ಅಂಟಿಸಿದ್ದು ಸಾರ್."

"ಅದು ಪ್ರೊಸೀಜರು. ನೀವೀಗ ತಪ್ಪಿದೆ ಅಂದ್ರೆ ಪ್ರೊಸೀಜರು ತಪ್ಪು ಅಂದಂಗಾಗುತ್ತೆ. ಏನಿದ್ರೂ ಗುರುವಾರ ಮೀಟಿಂಗಲ್ಲಿ ತನ್ನಿ."

ಅಂದು ಸೋಮವಾರ. ಜೆಸಿಬಿ ಮಂಗಳವಾರ.

ವಾಪಸು ಬಂದು ಕೂತೆ. ರಟ್ಟಿದ್ದಿದ್ದರೆ ಪೆನ್ನಿನಲ್ಲಿ ಒಂದು ಗೀಟು ಎಳೆದು ಮುಗಿಸುತ್ತಿದ್ದೆ. ಚೀಟಿ ಪ್ರೋಗ್ರಾಮಿನ ಒಳಗೇ ಬೆಂದುಹೋಗಿರುತ್ತದೆ, ಬದಲಿಸಬೇಕಾದರೆ ಮತ್ತೆ ಮೊದಲಿಂದ ಬೇಯಿಸಬೇಕು. ಇದ್ದ ಮೂರು ಚೀಟಿಗಳಲ್ಲಿ ಯಾವುದೂ ಈ ಕೆಲಸಕ್ಕೆ ಸರಿಹೊಂದುವಂತಿರಲಿಲ್ಲ. ಉಳಿಕೆ ಅಂದರೆ ರಸ್ತೆ ನಿಲ್ಲುತ್ತದೆ. ವಿಚಾರಣೆ ಅಂದರೆ ನಂಜಮ್ಮ ಆರು ತಿಂಗಳು ಕಚೇರಿ ಸುತ್ತಬೇಕಾಗುತ್ತದೆ. ಅದಕ್ಕೆ ಹೊಸದೊಂದು ಜಾತಿಯ ಚೀಟಿಯನ್ನೇ ಮಾಡಿದೆ. 'ಮನೆಯವರನ್ನು ಕೇಳಿ.' ಕಲ್ಲುಕಟ್ಟು ಎರಡರ ಮೇಲೆ ಅಂಟಿಸಿದೆ. ಪ್ರೋಗ್ರಾಮನ್ನು ಮತ್ತೆ ಬೇಯಿಸಿದೆ, ಪಟ್ಟಿ ಪ್ರಿಂಟ್ ತೆಗೆದೆ.

ನಂಜಮ್ಮ, ಕಲ್ಲುಕಟ್ಟು ಎರಡು, ತೆರವು.

ಬೆಂಚಿನ ಮೇಲೆ ಕೂತಿದ್ದ ನಂಜಮ್ಮ ಗಂಟು ಬಿಚ್ಚಿ ರೊಟ್ಟಿ ತಿನ್ನುತ್ತಿದ್ದಳು. "ಏನಂತಾನವ್ವ?" ಅಂದಳು. ಅವಳ ಪಾಲಿಗೆ ಕಂಪ್ಯೂಟರು ಗಂಡಸು.

"ಕೇಳಿಸ್ಕೊತಿಲ್ಲ."

"ಗಟ್ಟಿಯಾಗಿ ಹೇಳು."

ಕಾವ್ಯಾ, ಇಲ್ಲಿ ಸ್ವಲ್ಪ ಗಮನ ಕೊಡು. ಪಟ್ಟಿಯ ಪ್ರೋಗ್ರಾಮಿಗೆ ನಾವು ಹೇಳಿಕೊಟ್ಟಿದ್ದದ್ದು ಹಳೆಯ ಜಾತಿಯ ಚೀಟಿ ಹುಡುಕಲು ಮಾತ್ರ. ನಾನು ಅಂಟಿಸಿದ ಹೊಸ ಚೀಟಿ ಅದರ ಕಣ್ಣಿಗೆ ಚೀಟಿಯೇ ಅಲ್ಲ. ಅದು ನೆಟ್ಟಗೆ ತಾಯಿ ಅಚ್ಚಿನವರೆಗೆ ಹೋಗಿ ತೆರವು ಅನ್ನುವುದನ್ನೇ ಓದಿ ತಂದಿತ್ತು. ಇದನ್ನು ಯಾರೂ ಓದುವುದಿಲ್ಲ ಅಂತ ತಿಪ್ಪೆಯ ಮೇಲೆ ಬರೆದು ನಕ್ಕಿದ್ದವಳು, ಈಗ ನಾನೇ ಯಾರೂ ಓದದ ಚೀಟಿ ಅಂಟಿಸಿ ಫಲಕ್ಕೆ ಕಾಯುತ್ತಿದ್ದೆ.

ಓದುವ ಪ್ರೋಗ್ರಾಮನ್ನು ತೆರೆದೆ. ಮೊದಲು ಹೊಸ ಚೀಟಿ ಇದೆಯೇ ನೋಡು, ಇದ್ದರೆ ಅದನ್ನೇ ಹಾಕು, ಇಲ್ಲದಿದ್ದರೆ ಮಾತ್ರ ಹಳೆಯದಕ್ಕೆ ಹೋಗು. ಹತ್ತು ಸಾಲು. ಏಳನೇ ಸಾಲಿಗೆ ಬಂದಾಗ ಬೀದಿಯ ಮಗ್ಗಗಳು ನಿಂತವು. ನನ್ನ ಕಂಪ್ಯೂಟರೂ ಕಣ್ಣು ಮುಚ್ಚಿತು. ಬ್ಯಾಟರಿ ಸಾರ್ ಕೋಣೆಗೆ ಮಾತ್ರ ಇತ್ತು, ಅವರ ಕಾಫಿ ಯಂತ್ರಕ್ಕೆ. ಮಧ್ಯಾಹ್ನ ಎರಡೂವರೆಯಿಂದ ನಾಲ್ಕರವರೆಗೆ ನಾನೂ ನಂಜಮ್ಮನೂ ಬೆಂಚಿನ ಮೇಲೆ ಕೂತೆವು. ಅವಳು ಅತ್ತೆಯನ್ನು ಬೈಯುತ್ತಲೇ ಇದ್ದಳು. ಉಪ್ಪು ಹೆಚ್ಚಾಯಿತು ಅಂತ ಸಾರಿನ ಮಡಕೆಯನ್ನೇ ಅಂಗಳಕ್ಕೆ ಎಸೆದದ್ದು, ಬಾಣಂತನದಲ್ಲಿ ತಾನೇ ನಿಂತು ನೀರೆರೆದದ್ದು, ಎರಡೂ ಒಂದೇ ದನಿಯಲ್ಲಿ.

"ಹೆಸರೇನು ಅವ್ರದ್ದು?" ಅಂದೆ.

"ದೊಡ್ಡತಾಯಮ್ಮ" ಅಂದಳು. ಹೇಳುವಾಗ ಸೆರಗು ಸರಿಮಾಡಿಕೊಂಡಳು.

ನಾಲ್ಕಕ್ಕೆ ಮಗ್ಗ ಶುರುವಾಯಿತು. ಹತ್ತು ಸಾಲನ್ನೂ ಹೊಸದಾಗಿ ಹೊಡೆದೆ. ಪಟ್ಟಿ ಹೊರಗೆ ಬಂತು. ಹನ್ನೊಂದು ಕಡೆ 'ಮನೆಯವರನ್ನು ಕೇಳಿ' ಅಂತ ಇತ್ತು. ನಂಜಮ್ಮನ ಅತ್ತೆ ಒಬ್ಬಳಲ್ಲ, ಹನ್ನೊಂದು ಮನೆಯ ಹಿರಿಯರನ್ನು ನಾನು ಮುರಿದ ಕಟ್ಟೆಗಳ ಜೊತೆ ಸೇರಿಸಿಬಿಟ್ಟಿದ್ದೆ.

ಸಾರ್ ಆಗಲೇ ಬ್ಯಾಗು ಹಾಕಿಕೊಂಡು ಹೊರಟು ನಿಂತಿದ್ದರು. ಪಟ್ಟಿ ಮುಂದಿಟ್ಟೆ.

"ಹೇಳಿದ್ನಲ್ಲ, ಗುರುವಾರ. ಪರಿಶೀಲನೆ ಇಲ್ದೆ ನಾನು ರುಜು ಹಾಕಲ್ಲ."

"ಹೌದು ಸಾರ್, ನಿಮ್ಮ ಪರಿಶೀಲನೆ ಬಗ್ಗೆ ನಂಗೆ ಗೌರವ ಇದೆ. ಅದಕ್ಕೇ ಎತ್ತಿಟ್ಟಿದೀನಿ." ಡ್ರಾಯರಿನಿಂದ ತಿಪ್ಪೆಯ ಮೂರು ಪುಟ ತೆಗೆದು ಪಟ್ಟಿಯ ಪಕ್ಕ ಸಾಲಾಗಿ ಇಟ್ಟೆ. ಚೀಟಿಯ ಸಾಲಿನ ಕೆಳಗೆ ಬೆರಳಿಟ್ಟೆ.

ಅವರು ಬಾಗಿ ಓದಿದರು. ಆ ಆಫೀಸಿನಲ್ಲಿ ಅವರು ಕೋಡಿನ ಸಾಲೊಂದನ್ನು ಓದಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಇದು ಯಾವಾಗ ಬರ್ದಿದ್ದು?"

"ನೀವು ಮೂರು ಸಲ ಪರಿಶೀಲಿಸೋಕೆ ಮುಂಚೆ ಸಾರ್. ಗುರುವಾರ ಮೀಟಿಂಗಿಗೆ ಇದನ್ನೂ ತರ್ಲಾ?"

ಪೆನ್ನು ತೆಗೆದರು. ಹಂಸ ಬಂದು ಕೂತಿತು. ಸಂಜೆ ಪಿಳ್ಳಪ್ಪನವರು ಪಟ್ಟಿಯ ಒಂದು ಪ್ರತಿಯನ್ನು ಗುತ್ತಿಗೆದಾರರ ಕಚೇರಿಗೆ ಕೊಟ್ಟು ಬಂದರು. ಅಲ್ಲಿಯವರು ತೆಗೆದುಕೊಂಡು ಟ್ರೇನಲ್ಲಿ ಹಾಕಿದರಂತೆ. ಟ್ರೇ ಅಂದ ಕೂಡಲೇ ನನಗೆ ಧೈರ್ಯ ಹೋಯಿತು. ಬೆಳಿಗ್ಗೆ ಏಳಕ್ಕೆ ಇನ್ನೊಂದು ಪ್ರತಿ ಹಿಡಿದು ಪಿಳ್ಳಪ್ಪನವರ ಮೊಪೆಡ್ಡಿನ ಹಿಂದೆ ನಾನೂ ಕೂತೆ.

ನಾವು ಹೋದಾಗ ಜೆಸಿಬಿ ಹೊಲದ ಬದು ದಾಟಿ ಒಳಗೆ ಬಂದಿತ್ತು. ನಂಜಮ್ಮ ಗುಡ್ಡೆಯ ಮುಂದೆ ಕುಕ್ಕೆ ಇಟ್ಟುಕೊಂಡು ಕೂತಿದ್ದಳು. ಮೂರು ಚಪ್ಪಡಿ, ತಲೆಯ ಕಡೆ ಒಂದು ಹೊಂಗೆ ಗಿಡ. ಯಂತ್ರದ ಮೇಲಿದ್ದವನು ಸೆಲ್ವಂ ಅಂತ, ಹೊಸೂರಿನ ಕಡೆಯವನು. ಅವನ ಕೈಯಲ್ಲಿದ್ದದ್ದು ಹಳೆಯ ಪಟ್ಟಿ. ಹೊಸದು ಟ್ರೇಯಲ್ಲೇ ಮಲಗಿತ್ತು.

ಪಿಳ್ಳಪ್ಪನವರು ಮೊಪೆಡ್ ನಿಲ್ಲಿಸದೆಯೇ ಕೂಗಿದರು. "ಏನಪ್ಪಾ, ನಿಲ್ಲಿಸು. ಹೊಸ ಪಟ್ಟಿ ತಂದಿವ್ನಿ."

ಅವನು ಕಾಗದ ತೆಗೆದುಕೊಂಡು ತಿರುಗಿಸಿ ನೋಡಿದ. "ನಂಗೆ ಕನ್ನಡ ಓದೋಕೆ ಬರಲ್ಲ ಸಾರ್. ಹಳೇದೂ ನಂಗೆ ಓದಿ ಹೇಳಿದ್ದೇ. ಏನ್ ಬರ್ದಿದೆ?"

"ಮನೆಯವರನ್ನು ಕೇಳಿ ಅಂತ ಬರ್ದಿದೆ" ಅಂದೆ ನಾನು.

"ಅಷ್ಟೇನಾ?"

"ಅಷ್ಟೇ."

ಅವನು ಯಂತ್ರ ಆರಿಸಿದ. ಇಳಿದು ಬಂದು, ಚಪ್ಪಲಿ ಪಕ್ಕಕ್ಕೆ ಬಿಟ್ಟು, ನಂಜಮ್ಮನ ಎದುರು ನಿಂತ. ನಾನು ಒಂದು ದಿನವೆಲ್ಲ ಒದ್ದಾಡಿ ಬರೆದ ಹತ್ತು ಸಾಲಿಗಿಂತ ಅವನು ಕೇಳಿದ್ದು ಚಿಕ್ಕದು.

"ಅಮ್ಮಾ, ಇದು ಯಾರು?"

ಏನು ಅಂತ ಕೇಳಲಿಲ್ಲ. ನಂಜಮ್ಮ ಕುಕ್ಕೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ನಮ್ಮತ್ತೆ. ಬೋ ಕೋಪದೋಳು. ಮೆತ್ತಗೆ ಮಾತಾಡು" ಅಂದಳು.

ಹಾಲು ತುಪ್ಪ ಬಿಟ್ಟಳು. ಬಗ್ಗಿ ಕಲ್ಲಿಗೆ ಏನೋ ಹೇಳಿದಳು, ಬೈದ ಹಾಗೆಯೂ ಇತ್ತು, ಕರೆದ ಹಾಗೆಯೂ ಇತ್ತು. ಮಣ್ಣನ್ನು ಕುಕ್ಕೆಗೆ ತುಂಬಿಕೊಂಡು ತಲೆಯ ಮೇಲೆ ಹೊತ್ತು ಮೇಲಿನ ಹೊಲಕ್ಕೆ ನಡೆದಳು. ಚಪ್ಪಡಿಗಳನ್ನು ಸೆಲ್ವಂ ಜೆಸಿಬಿಯ ಬಕೆಟ್ಟಿನಲ್ಲಿ ಹುಲ್ಲು ಹಾಸಿ, ಮೊಟ್ಟೆ ಸಾಗಿಸುವವನ ಹಾಗೆ ನಿಧಾನವಾಗಿ ಹಿಂದೆ ತಂದ. ಹೊಂಗೆ ಗಿಡವೂ ಬಂತು.

ಅಲ್ಲೇ ಬದುವಿನ ಮೇಲೆ ಪಿಳ್ಳಪ್ಪನವರು ನೋಟ್‌ಬುಕ್ ತೆಗೆದರು. ಹೊಸ ಜಾಗ ಬರೆದುಕೊಳ್ಳಬೇಕಿತ್ತು. ಪೆನ್ನು ಹಿಡಿದು ಕೂತೇ ಇದ್ದರು.

"ಏನಾಯ್ತು ಪಿಳ್ಳಪ್ಪನೋರೆ?"

"ಮತ್ತದೇ ಕಷ್ಟ ಸರೋಜಮ್ಮ. ನಂಜಮ್ಮನ ಹೆಸ್ರಿನ ಮುಂದೆ ಆ ಪದ ಬರೀಬೇಕು."

"ನನ್ ಹೆಸ್ರು ಯಾಕೆ ಬರೀತೀರಿ?" ಅಂದಳು ನಂಜಮ್ಮ. "ಒಳಗಿರೋಳು ಅವ್ಳು. ಅವ್ಳೆಸ್ರು ಬರೀರಿ."

ಪಿಳ್ಳಪ್ಪನವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅಷ್ಟು ವರ್ಷ ಸರ್ವೆ ಮಾಡಿದವರಿಗೂ ಹೊಳೆದಿರಲಿಲ್ಲ, ಪ್ರೋಗ್ರಾಮ್ ಬರೆದ ನನಗೂ ಹೊಳೆದಿರಲಿಲ್ಲ. ಅವರು ಮುತ್ತಿನಂಥ ಅಕ್ಷರದಲ್ಲಿ ಬರೆದರು: ದೊಡ್ಡತಾಯಮ್ಮ, ಸಮಾಧಿ ಒಂದು. ಚುಕ್ಕೆ ಇಡಲಿಲ್ಲ.

ಆಫೀಸಿಗೆ ಬಂದು ನಾನು ಕಲ್ಲುಕಟ್ಟು ಎರಡು ಅನ್ನುವ ಹೆಸರನ್ನು ಅಳಿಸಿದೆ. ಸಮಾಧಿ ಅನ್ನುವ ಅಚ್ಚನ್ನು ಯಾರ ಮಗಳೂ ಅಲ್ಲದ ಹಾಗೆ ಬೇರೆಯಾಗಿ ಬರೆದೆ, ಮೇಲೆ ಅದರದೇ ಚೀಟಿ. ಹನ್ನೊಂದು ಕಡೆಯೂ ಪಿಳ್ಳಪ್ಪನವರು ಮತ್ತೆ ಹೋಗಿ ಒಳಗಿರುವವರ ಹೆಸರು ಕೇಳಿ ತಂದರು. ಒಬ್ಬೊಬ್ಬರನ್ನೂ ಟೈಪ್ ಮಾಡಿದೆ. ನಂಜಮ್ಮ ಒಂದು ದಿನ ಕಡಲೆಕಾಯಿ ತಂದವಳು ಪರದೆಯ ಮೇಲೆ ಅತ್ತೆಯ ಹೆಸರು ತೋರಿಸು ಅಂತ ಕೇಳಿ ನೋಡಿದಳು. "ಬದುಕಿರೋಗಂಟ ಒಂದು ಕಾಗದ್ದಾಗೂ ಅವ್ಳೆಸ್ರಿರ್ಲಿಲ್ಲ ಕಣವ್ವ" ಅಂದಳು.

ತಿಪ್ಪೆಯ ಮೇಲಿನ ಚೀಟಿಯನ್ನು ಮಾತ್ರ ತೆಗೆಯಲಿಲ್ಲ. ಸಾರ್ ತೆಗೆಸುತ್ತಾರೇನೋ ಅಂತ ಕಾದೆ. ಮುಂದಿನ ಪರಿಶೀಲನೆಯಲ್ಲೂ ಹಂಸ ಬಂದು ಅಲ್ಲೇ ಕೂತಿತು.

ಇದು ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾಲೀಕರ ಕಾಲಮ್ಮಿನಲ್ಲಿ ಯಾರ ಹೆಸರಿದ್ದರೂ ಅವರಿಗೆ ಕಾಗದ ಕಳಿಸುವ ಇನ್ನೊಂದು ಪ್ರೋಗ್ರಾಮ್ ಗುತ್ತಿಗೆದಾರರ ಕಚೇರಿಯಲ್ಲಿತ್ತು. ಅದು ನಾನು ಬರೆದದ್ದಲ್ಲ. ಮಹಾಲಯ ಅಮಾವಾಸ್ಯೆಯ ಹಿಂದಿನ ವಾರ ನಂಜಮ್ಮ ಒಂದು ನೋಟೀಸು ಹಿಡಿದುಕೊಂಡು ಮತ್ತೆ ಮೆಟ್ಟಿಲು ಹತ್ತಿ ಬಂದಳು. ಓದಿ ಹೇಳಿದೆ. ಶ್ರೀಮತಿ ದೊಡ್ಡತಾಯಮ್ಮನವರು ಈ ನೋಟೀಸು ತಲುಪಿದ ಹದಿನೈದು ದಿನದೊಳಗೆ ಕಚೇರಿಗೆ ಖುದ್ದಾಗಿ ಹಾಜರಾಗಿ ತಮ್ಮ ಒಪ್ಪಿಗೆ ತಿಳಿಸತಕ್ಕದ್ದು.

"ಸರಿಮಾಡಿಸ್ತೀನಿ, ಕೊಡಿ ಇಲ್ಲಿ" ಅಂದೆ.

"ಬ್ಯಾಡ, ಇರ್ಲಿ" ಅಂತ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಮಾವಾಸ್ಯೆಗೆ ನನ್ನನ್ನು ಊಟಕ್ಕೆ ಕರೆದಳು.

ಮೇಲಿನ ಹೊಲದಲ್ಲಿ ಚಪ್ಪಡಿ ತೊಳೆದು, ಬಾಳೆ ಎಲೆಯ ಮೇಲೆ ಎಡೆ ಇಟ್ಟಿದ್ದಳು. ಒಬ್ಬಟ್ಟು, ಕಡುಬು, ಮುದ್ದೆ. ಉಪ್ಪು ಕಡಿಮೆ ಹಾಕಿದ ಸಾರು. ನಮಸ್ಕಾರ ಮಾಡಿ ಎದ್ದವಳು ಸೊಂಟದಿಂದ ನೋಟೀಸು ತೆಗೆದು ಎಲೆಯ ಪಕ್ಕ ಇಟ್ಟು, ಗಾಳಿಗೆ ಹಾರದಂತೆ ಮೇಲೊಂದು ಕಲ್ಲಿಟ್ಟಳು.

"ಅತ್ತೆ, ಆಫೀಸಿಂದ ನಿನ್ನ ಕರೀತವ್ರೆ. ಖುದ್ದಾಗೇ ಬರ್ಬೇಕಂತೆ. ಒಂದು ಸಲ ಹೋಗ್ಬಿಟ್ಟು ಬಾ. ಆಮೇಕೆ ಅವ್ರು ಯಾರ್ನೂ ಕರಿಯಾಕಿಲ್ಲ."